ದಡಾರ ಬಂದ ತಾರೀಕನ್ನು ತಾಯಿ ಕಾರ್ಡ್‌ನಲ್ಲಿ ಬರೆದಿಡಿ

ಮೊದಲು ಎದ್ದು ಹೋಗಿ ಮಗುವಿನ ತಾಯಿ ಕಾರ್ಡ್ ತನ್ನಿ. ರೇಷನ್ ಕಾರ್ಡು, ಆಧಾರು ಇಟ್ಟ ಅದೇ ಪ್ಲಾಸ್ಟಿಕ್ ಕವರಿನಲ್ಲಿ ಇರುತ್ತದೆ, ಅಲ್ವಾ? ಜೊತೆಗೆ ಒಂದು ಪೆನ್ನು. ಓದುತ್ತಾ ಹೋದ ಹಾಗೆ ಎರಡೂ ಬೇಕಾಗುತ್ತವೆ. ದಡಾರ ಬಂದು ಹೋಗಿ ವರ್ಷಗಳ ಮೇಲೆ ಕೆಲವು ಮಕ್ಕಳ ಮಿದುಳಿಗೆ ಬರುವ ಒಂದು ಕಾಯಿಲೆಯ ಬಗ್ಗೆ ಈ ಬರಹ.

ನಾನು 32 ವರ್ಷ ಕೊಡಗಿನ ಉಪಕೇಂದ್ರಗಳಲ್ಲಿ ಎಎನ್‌ಎಂ ಆಗಿದ್ದವಳು. ಕಾಗದದ ಮೇಲೆ ಕಿರಿಯ ಆರೋಗ್ಯ ಸಹಾಯಕಿ, ತೋಟದ ಕೂಲಿಯವರ ಲೈನ್‌ಮನೆಗಳಲ್ಲಿ ಬರೀ 'ಸಿಸ್ಟರ್'. ಜಾಸ್ತಿ ವರ್ಷ ಸಿದ್ದಾಪುರ, ಅಮ್ಮತ್ತಿ ಕಡೆಯ ಕಾಫಿ ತೋಟಗಳಲ್ಲೇ ಕಳೆದೆ. 2021ರಲ್ಲಿ ನಿವೃತ್ತಿಯಾಯಿತು. ಎಷ್ಟು ಮಕ್ಕಳ ಬಲತೋಳಿಗೆ ದಡಾರದ ಸೂಜಿ ಚುಚ್ಚಿದ್ದೇನೋ, ಲೆಕ್ಕ ಇಟ್ಟಿಲ್ಲ. ಆದರೆ ಇದನ್ನು ಬರೆಯಲು ಕೂತಿರುವುದು ನಾನೇ ಮಾಡಿದ ಒಂದು ತಪ್ಪಿನ ನೆನಪಿನಲ್ಲಿ.

1998ರ ಹುತ್ತರಿ ಸಮಯ. ಶನಿವಾರಸಂತೆ ಹತ್ತಿರದ ನನ್ನ ತವರಿಗೆ ಹೋಗಿದ್ದೆ. ಅಣ್ಣನ ಮಗನಿಗೆ ಆಗ ಎಂಟು ತಿಂಗಳು. ಜ್ವರ, ಕೆಂಗಣ್ಣು, ಸೋರುವ ಮೂಗು, ಕಿವಿಯ ಹಿಂದಿನಿಂದ ಎದೆಯವರೆಗೆ ಕೆಂಪು ಗಂದೆ. ವಾರದ ಹಿಂದೆ ಪಕ್ಕದ ಮನೆಯ ಹುಡುಗನಿಗೂ ಹೀಗೇ ಆಗಿತ್ತಂತೆ, ಅವನಿಗೆ ಲಸಿಕೆ ಹಾಕಿಸಿರಲಿಲ್ಲ. ಇಬ್ಬರನ್ನೂ ಕಾಫಿ ಕಣದ ಪಕ್ಕ ಒಂದೇ ಚಾಪೆಯಲ್ಲಿ ಬಿಡುತ್ತಿದ್ದರು. ನಾನು ಮಗುವಿನ ಹೊಟ್ಟೆ ಮುಟ್ಟಿ ನೋಡಿ, "ಗೊಬ್ಬರ ಕಣಣ್ಣ, ಐದಾರು ದಿನ, ಹೋಗುತ್ತೆ" ಅಂದೆ. ದಡಾರಕ್ಕೆ ನಾವು ಹೇಳುವ ಇನ್ನೊಂದು ಹೆಸರು ಗೊಬ್ಬರ. ಹೋಯಿತು ಕೂಡ. ಎರಡು ವಾರದಲ್ಲಿ ಮಗು ಮತ್ತೆ ಅಂಬೆಗಾಲಿಡುತ್ತಿತ್ತು. ನಾನು ಮರೆತೆ. ಅಣ್ಣನೂ ಮರೆತ.

2007ರ ಫೆಬ್ರವರಿಯಲ್ಲಿ ಅದೇ ಹುಡುಗನನ್ನು ತೋರಿಸಲು ಹೋದಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಬ್ಬ ಡಾಕ್ಟರು ಕೇಳಿದರು, "ಚಿಕ್ಕಂದಿನಲ್ಲಿ ದಡಾರ ಬಂದಿತ್ತಾ?" ಅತ್ತಿಗೆ "ಇಲ್ಲ ಸಾರ್, ಅಂಥದ್ದೇನೂ ಇಲ್ಲ" ಅಂದರು. ಅಣ್ಣ ತಿರುಗಿ ನನ್ನ ಮುಖ ನೋಡಿದ. ಅದಕ್ಕೂ ಮುಂಚೆ ಐದು ತಿಂಗಳು ಬೇರೆ ಬೇರೆ ಕಡೆ ಅಲೆದಿದ್ದೆವು. ಒಂದು ಕಡೆ ಮೂರ್ಛೆರೋಗ ಅಂದರು, ಇನ್ನೊಂದು ಕಡೆ ಹಟ ಅಂದರು. ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಕೇಳಿದ್ದರೂ ತೋರಿಸಲು ನಮ್ಮ ಹತ್ತಿರ ಒಂದು ಸಾಲು ಬರಹ ಇರಲಿಲ್ಲ.

ಏನಿದು ಕಾಯಿಲೆ

ಹೆಸರು ಎಸ್‌ಎಸ್‌ಪಿಇ. ಉದ್ದನೆಯ ಹೆಸರು ಬೇಡ, ಡಾಕ್ಟರಿಗೆ ಈ ನಾಲ್ಕಕ್ಷರ ಹೇಳಿದರೆ ಸಾಕು. ದಡಾರದ ವೈರಸ್ ಕೆಲವು ಮಕ್ಕಳ ಮಿದುಳಿನಲ್ಲಿ ಸದ್ದಿಲ್ಲದೆ ಉಳಿದುಬಿಡುತ್ತದೆ. ಗಂದೆ ಮಾಯವಾಗುತ್ತದೆ, ಮಗು ಆಡುತ್ತದೆ, ಶಾಲೆಗೆ ಸೇರುತ್ತದೆ. ಸಾಮಾನ್ಯವಾಗಿ ಆರರಿಂದ ಹತ್ತು ವರ್ಷ ಕಳೆದ ಮೇಲೆ ಅದು ಮಿದುಳನ್ನು ಕೆಡಿಸತೊಡಗುತ್ತದೆ. ಶುರುವಾದ ಮೇಲೆ ಹೆಚ್ಚಿನ ಮಕ್ಕಳು ಒಂದರಿಂದ ಮೂರು ವರ್ಷದಲ್ಲಿ ತೀರಿಕೊಳ್ಳುತ್ತಾರೆ. ಗುಣಪಡಿಸುವ ಔಷಧಿ ಇಲ್ಲ. ಗಂಡುಮಕ್ಕಳಲ್ಲಿ ಜಾಸ್ತಿ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ನಾವು ಟ್ರೈನಿಂಗ್‌ನಲ್ಲಿ ಕಲಿತಾಗ ಇದು ಲಕ್ಷಕ್ಕೊಂದು ಅನ್ನುತ್ತಿದ್ದರು. ಆ ಲೆಕ್ಕ ಈಗ ನಿಂತಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1998ರಿಂದ 2015ರವರೆಗಿನ ಪ್ರಕರಣಗಳನ್ನು ಹುಡುಕಿ ತೆಗೆದು ಲೆಕ್ಕ ಹಾಕಿದಾಗ, ಐದು ವರ್ಷದೊಳಗೆ ದಡಾರ ಬಂದ 1,367 ಮಕ್ಕಳಲ್ಲಿ ಒಬ್ಬರಿಗೆ ಈ ಕಾಯಿಲೆ ಬಂದಿತ್ತು. ಹುಟ್ಟಿದ ವರ್ಷದೊಳಗೇ ದಡಾರ ಬಂದವರಲ್ಲಿ 609ಕ್ಕೆ ಒಬ್ಬರು. ಮಗು ಎಷ್ಟು ಚಿಕ್ಕದೋ ಅಪಾಯ ಅಷ್ಟು ದೊಡ್ಡದು.

2025ರ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶಾಲೆಗೆ ಹೋಗುವ ವಯಸ್ಸಿನ ಒಂದು ಮಗು ಇದರಿಂದಲೇ ಸತ್ತಿತು ಅಂತ ಅಲ್ಲಿನ ಆರೋಗ್ಯ ಇಲಾಖೆ ಹೇಳಿತು. ಅದಕ್ಕೂ ದಡಾರ ಬಂದದ್ದು ಲಸಿಕೆಯ ವಯಸ್ಸಿಗೆ ಮುಂಚೆ. ಸುದ್ದಿ ಓದಿ ಅಣ್ಣನಿಗೆ ಫೋನ್ ಮಾಡಿದೆ. ಇಬ್ಬರೂ ಮಳೆ, ಕಾಫಿ ರೇಟು ಮಾತಾಡಿ ಇಟ್ಟೆವು.

ಲಸಿಕೆಯಲ್ಲೂ ವೈರಸ್ ಇರುತ್ತದಲ್ಲ, ಅದರಿಂದಲೂ ಬರಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಬರುವುದಿಲ್ಲ. ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಸಿಕ್ಕಿರುವುದು ನಿಜವಾದ ದಡಾರದ ವೈರಸ್, ಲಸಿಕೆಯದಲ್ಲ.

ಕಾರ್ಡ್ ಬಿಡಿಸಿ, ಎರಡು ತಾರೀಕು ಹುಡುಕಿ

ಎಂ.ಆರ್. ಅಂತ ಎರಡು ಕಡೆ ಇರುತ್ತದೆ. ದಡಾರ, ರುಬೆಲ್ಲಾ ಎರಡಕ್ಕೂ ಸೇರಿಸಿದ ಲಸಿಕೆ. ಮೊದಲನೆಯದು 9 ತಿಂಗಳು ತುಂಬಿದ ಮೇಲೆ, 12 ತಿಂಗಳೊಳಗೆ. ಎರಡನೆಯದು 16ರಿಂದ 24 ತಿಂಗಳೊಳಗೆ. ಎರಡೂ ಚೌಕಗಳಲ್ಲಿ ತಾರೀಕು ಇದೆಯಾ? ಇದ್ದರೆ ಸರಿ, ಮುಂದಿನ ಭಾಗಕ್ಕೆ ಹೋಗಿ.

ಎರಡನೆಯದು ಖಾಲಿ ಇದ್ದರೆ ನೀವೊಬ್ಬರೇ ಅಲ್ಲ. ನನ್ನ ರಿಜಿಸ್ಟರಿನಲ್ಲಿ ಯಾವಾಗಲೂ ಅದೇ ಕಾಲಂ ತೂತು. ಮೊದಲ ವರ್ಷ ತಾಯಂದಿರು ತಪ್ಪದೆ ಬರುತ್ತಾರೆ. ಮಗು ನಡೆಯಲು ಕಲಿತ ಮೇಲೆ 'ಇನ್ನೇನು ಸೂಜಿ' ಅನ್ನುವ ಧೈರ್ಯ. ತಪ್ಪಿ ಹೋಗಿದ್ದರೆ ಐದು ವರ್ಷದವರೆಗೂ ಸರ್ಕಾರಿ ಕೇಂದ್ರದಲ್ಲಿ ಉಚಿತವಾಗಿ ಹಾಕುತ್ತಾರೆ. 'ತಡವಾಯ್ತಲ್ಲ, ಬೈತಾರೆ' ಅಂತ ಮುಚ್ಚಿಡಬೇಡಿ. ಬೈದರೆ ಬೈಸಿಕೊಳ್ಳಿ, ಸೂಜಿ ಹಾಕಿಸಿಕೊಂಡು ಬನ್ನಿ.

ಕೊಡಗಿನಲ್ಲಿ ಒಂದು ಬೇರೆಯೇ ತಾಪತ್ರಯವಿದೆ. ದಡಾರ ಜೋರಾಗುವುದು ಚಳಿ ಮುಗಿದು ಬಿಸಿಲು ಏರುವ ಹೊತ್ತಿಗೆ. ನಮ್ಮಲ್ಲಿ ಕಾಫಿ ಕುಯ್ಲು, ಮೆಣಸು ಕುಯ್ಲು ಎರಡೂ ಸರಿಯಾಗಿ ಅದೇ ತಿಂಗಳುಗಳು. ಅಸ್ಸಾಂ, ಬಂಗಾಳದಿಂದ ಬಂದ ಕುಟುಂಬಗಳು ಲೈನ್‌ಮನೆ ತುಂಬುತ್ತವೆ. ಒಂದು ಕೋಣೆಯಲ್ಲಿ ಎಂಟು ಜನ. ದಡಾರದ ಮಗು ಕೆಮ್ಮಿ ಹೊರಗೆ ಹೋದ ಮೇಲೂ ಎರಡು ಗಂಟೆ ಹೊತ್ತು ಆ ಕೋಣೆಯ ಗಾಳಿಯಲ್ಲಿ ವೈರಸ್ ಇರಬಹುದು. ಲಸಿಕೆ ಇಲ್ಲದ ಹತ್ತು ಮಂದಿ ಹತ್ತಿರ ಇದ್ದರೆ ಒಂಬತ್ತು ಮಂದಿಗೆ ಹತ್ತುತ್ತದೆ.

ತೋಟದ ಮಾಲೀಕರು, ಲೆಕ್ಕ ಬರೆಯುವ ರೈಟರ್‌ಗಳು ಇದನ್ನು ಓದುತ್ತಿದ್ದರೆ ನಿಮಗೊಂದು ಮಾತು. ಹೊಸ ಕುಟುಂಬ ಬಂದ ದಿನ ಹೆಸರು, ಅಡ್ವಾನ್ಸು ಬರೆಯುತ್ತೀರಲ್ಲ, ಅದರ ಪಕ್ಕದಲ್ಲೇ ಐದು ವರ್ಷದೊಳಗಿನ ಮಕ್ಕಳ ವಯಸ್ಸನ್ನೂ ಬರೆದು ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿ. ಅಸ್ಸಾಮಿನ ಕಾರ್ಡ್ ಇದ್ದರೆ ಅದೂ ನಡೆಯುತ್ತದೆ. ಕಾರ್ಡೇ ಕಳೆದಿದ್ದರೆ ಹಾಕಿಲ್ಲ ಅಂತಲೇ ಲೆಕ್ಕ. ಒಂದು ಡೋಸ್ ಹೆಚ್ಚಾದರೆ ತೊಂದರೆ ಇಲ್ಲ. ಮತ್ತೆ ಲಸಿಕೆಯ ದಿನ ಆ ತಾಯಿಗೆ ಅರ್ಧ ದಿನದ ಸಂಬಳ ಹಿಡಿಯಬೇಡಿ. ನನಗೆ ಗೊತ್ತಿದ್ದ ಎಷ್ಟೋ ಖಾಲಿ ಕಾಲಂಗಳ ಹಿಂದೆ ಇದ್ದದ್ದು ಮೂಢನಂಬಿಕೆಯಲ್ಲ, ಆ ಅರ್ಧ ದಿನದ ಕೂಲಿ. ಒಂದೆರಡರ ಹಿಂದೆ ಆನೆ. ತೋಟದ ದಾರಿಯಲ್ಲಿ ಆನೆ ನಿಂತಿದೆ ಅಂದರೆ ಯಾವ ತಾಯಿ ಮಗು ಎತ್ತಿಕೊಂಡು ಬರುತ್ತಾಳೆ?

ಕೇಂದ್ರಕ್ಕೆ ಬೆಳಿಗ್ಗೆಯೇ ಬನ್ನಿ. ಎಂ.ಆರ್. ಪುಡಿಯ ರೂಪದಲ್ಲಿ ಬರುತ್ತದೆ, ಅದಕ್ಕೆ ನೀರು ಬೆರೆಸಿದ ಮೇಲೆ ನಾಲ್ಕು ಗಂಟೆ ಅಷ್ಟೇ. ಆಮೇಲೆ ಎಸೆಯಬೇಕು. ಮನೆಗೆ ಹೋದ ಮೇಲೆ ಒಂದು ವಾರದಿಂದ ಹನ್ನೆರಡು ದಿನದೊಳಗೆ ಸಣ್ಣ ಜ್ವರ, ಸ್ವಲ್ಪ ಗಂದೆ ಕಾಣಬಹುದು. ತಾನಾಗಿ ಹೋಗುತ್ತದೆ.

ಒಂಬತ್ತು ತಿಂಗಳು ತುಂಬದ ಕೂಸಿಗೆ ಏನು ಮಾಡುವುದು? ನನ್ನ ಅಣ್ಣನ ಮಗ ಬಿದ್ದದ್ದು ಇದೇ ಸಂದಿಯಲ್ಲಿ. ಆ ಕೂಸಿಗೆ ಸೂಜಿ ಇಲ್ಲ, ಸುತ್ತ ಇರುವವರೇ ಬೇಲಿ. ಅಕ್ಕ, ಅಣ್ಣ, ಪಕ್ಕದ ಮನೆಯ ಮಕ್ಕಳು, ಎಲ್ಲರಿಗೂ ಎರಡೆರಡು ಡೋಸ್ ಆಗಿದ್ದರೆ ವೈರಸ್ ಆ ಚಾಪೆಯವರೆಗೆ ಬರುವುದು ಬಹಳ ಕಷ್ಟ. ಊರಿನಲ್ಲಿ ದಡಾರ ಹಬ್ಬಿದ್ದರೆ ಮಾತ್ರ ಆರೋಗ್ಯ ಇಲಾಖೆ ಆರು ತಿಂಗಳಿಗೇ ಒಂದು ಹೆಚ್ಚಿನ ಡೋಸ್ ಹಾಕಲು ಹೇಳಬಹುದು. 2022ರ ಕೊನೆಯಲ್ಲಿ ಮುಂಬೈ ಕಡೆ ಹಬ್ಬಿದಾಗ ಕೇಂದ್ರ ಸರ್ಕಾರ ಹಾಗೆ ಸೂಚನೆ ಕೊಟ್ಟಿತ್ತು. ಆ ಡೋಸ್ ಲೆಕ್ಕಕ್ಕಿಲ್ಲ, 9 ತಿಂಗಳಿನದನ್ನೂ 16 ತಿಂಗಳಿನದನ್ನೂ ಹಾಕಿಸಲೇಬೇಕು.

ದಡಾರ ಬಂದೇಬಿಟ್ಟರೆ

ಮೈಮೇಲೆ ಎದ್ದದ್ದೆಲ್ಲ ದಡಾರವಲ್ಲ. ಸೀತಾಳೆ ಸಿಡುಬಿನಲ್ಲಿ ನೀರು ತುಂಬಿದ ಗುಳ್ಳೆ ಇರುತ್ತದೆ. ದಡಾರದಲ್ಲಿ ನೀರು ಇಲ್ಲ. ಮೊದಲು ಮೂರ್ನಾಲ್ಕು ದಿನ ಜ್ವರ, ಕೆಮ್ಮು, ನೆಗಡಿ, ಬೆಳಕಿಗೆ ಚುಚ್ಚುವ ಕೆಂಗಣ್ಣು. ಆಮೇಲೆ ಕಿವಿಯ ಹಿಂದೆ, ಹಣೆಯ ಮೇಲೆ ಗಂದೆ ಎದ್ದು ಕೆಳಗೆ ಇಳಿಯುತ್ತಾ ಬರುತ್ತದೆ. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಕೆಂಪು ಕಾಣುವುದಿಲ್ಲ. ಅಂಗೈ ಹಿಂಭಾಗದಿಂದ ಬೆನ್ನು ಸವರಿ ನೋಡಿ, ರವೆ ಹರಡಿದ ಹಾಗೆ ಕೈಗೆ ಸಿಗುತ್ತದೆ. ಗಂದೆ ಏಳುವ ಮುಂಚೆ ಟಾರ್ಚ್ ಹಿಡಿದು ಕೆನ್ನೆಯ ಒಳಭಾಗ ನೋಡಿದರೆ ಕೆಲವರಲ್ಲಿ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಇರುತ್ತವೆ. ವಾಸಿಯಾಗುವಾಗ ಚರ್ಮ ತವುಡಿನ ಹಾಗೆ ಉದುರುತ್ತದೆ.

'ಅಮ್ಮ ಬಂದಿದ್ದಾಳೆ, ಆಸ್ಪತ್ರೆ ಬೇಡ' ಅನ್ನುವ ಅಜ್ಜಿಯರ ಜೊತೆ ನಾನು ಎಂದೂ ಜಗಳ ಆಡಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಬೇಡ ಅನ್ನುವುದಿಲ್ಲ. ಹೊರಗಿನವರು ಒಳಗೆ ಬರಬಾರದು ಅನ್ನುವ ಅವರ ನೇಮ ಈ ಕಾಯಿಲೆಗೆ ಒಳ್ಳೆಯದೇ. ಅಂಟುವ ಕಾಲ ಗಂದೆ ಏಳುವ ನಾಲ್ಕು ದಿನ ಮುಂಚಿನಿಂದ ಎದ್ದ ಮೇಲೆ ನಾಲ್ಕು ದಿನದವರೆಗೆ. ಅಷ್ಟು ದಿನ ಮಗು ಮನೆಯಲ್ಲೇ ಇರಲಿ. ಆದರೆ ಪಥ್ಯ ಅಂತ ಮಗುವನ್ನು ಉಪವಾಸ ಕೆಡವಬೇಡಿ. ಎದೆಹಾಲು, ಗಂಜಿ, ಬೇಳೆಕಟ್ಟು, ಎಳನೀರು, ಕೇಳಿದ್ದು ಕೊಡಿ.

ಒಂದು ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕು. ಹೊರಡುವ ಮುಂಚೆ ಆಶಾಗೋ ಸಿಸ್ಟರಿಗೋ ಫೋನ್ ಮಾಡಿ, ತುಂಬಿದ ಸಾಲಿನಲ್ಲಿ ಕೂಸುಗಳ ಮಧ್ಯೆ ಕೂರಿಸಬೇಡಿ. ಅಲ್ಲಿ ವಿಟಮಿನ್ ಎ ಕೇಳಿ. ದಡಾರ ಬಂದ ಮಗುವಿಗೆ ಇವತ್ತೊಂದು, ನಾಳೆಯೊಂದು, ಹೀಗೆ ಎರಡು ದಿನ ಎರಡು ಡೋಸ್ ಕೊಡಬೇಕು. ಆರು ತಿಂಗಳೊಳಗೆ 50 ಸಾವಿರ, ಆರರಿಂದ ಹನ್ನೊಂದು ತಿಂಗಳಿಗೆ 1 ಲಕ್ಷ, ವರ್ಷ ದಾಟಿದವರಿಗೆ 2 ಲಕ್ಷ ಯೂನಿಟ್. ಕಣ್ಣು ಹೋಗುವ, ಜೀವ ಹೋಗುವ ಅಪಾಯ ಕಡಿಮೆಯಾಗುತ್ತದೆ. ನೀವೇ ಅಂಗಡಿಯಿಂದ ತಂದು ಕುಡಿಸಬೇಡಿ, ಜಾಸ್ತಿಯಾದರೆ ಅದೂ ವಿಷ. ಉಸಿರು ವೇಗವಾದರೆ, ಪಕ್ಕೆ ಒಳಗೆ ಎಳೆದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಇದ್ದರೆ, ಹಾಲು ಬಿಟ್ಟರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಮನೆಯಲ್ಲಿ ಲಸಿಕೆ ಆಗದ ಬೇರೆ ಮಕ್ಕಳಿದ್ದರೆ, ಅಂಟುವ ಕಾಲದಲ್ಲಿ ದಡಾರದ ಮಗುವಿನ ಹತ್ತಿರ ಬಂದ 72 ಗಂಟೆಯೊಳಗೆ ಅವರಿಗೆ ಹಾಕಿಸಿದರೆ ಇನ್ನೂ ತಡೆಯಬಹುದು. ಗರ್ಭಿಣಿಯರಿಗೆ ಮಾತ್ರ ಈ ಲಸಿಕೆ ಕೂಡದು.

ಈಗ ಪೆನ್ನು ತೆಗೆದುಕೊಳ್ಳಿ

ಕಾರ್ಡಿನ ಹಿಂದಿನ ಪುಟದಲ್ಲಿ ಖಾಲಿ ಜಾಗ ಇರುತ್ತದೆ. ಅಲ್ಲಿ ಹೀಗೆ ಬರೆಯಿರಿ: ದಡಾರ, ತಿಂಗಳು, ವರ್ಷ, ಆಗ ಮಗುವಿನ ವಯಸ್ಸು ಇಷ್ಟು ತಿಂಗಳು, ಯಾವ ಆಸ್ಪತ್ರೆಯಲ್ಲಿ ತೋರಿಸಿದ್ದು, ರಕ್ತ ಪರೀಕ್ಷೆ ಆಯಿತೋ ಇಲ್ಲವೋ. ಜ್ವರ, ಗಂದೆ ಎರಡೂ ಇದ್ದರೆ ಇಲಾಖೆಯವರು ರಕ್ತ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಆ ರಿಪೋರ್ಟ್ ಸಿಕ್ಕರೆ ಫೋಟೋ ತೆಗೆದು ಮೊಬೈಲಿನಲ್ಲೂ ಇಡಿ. ದಡಾರವೋ ಅಲ್ಲವೋ ಖಾತ್ರಿ ಇಲ್ಲದಿದ್ದರೆ 'ದಡಾರ ಇರಬಹುದು' ಅಂತಲೇ ಬರೆಯಿರಿ.

ಬರೆದ ಮೇಲೆ ದಿನಾ ಹೆದರುತ್ತಾ ಕೂರಬೇಡಿ. ದಡಾರ ಬಂದ ಮಕ್ಕಳಲ್ಲಿ ಹೆಚ್ಚಿನವರಿಗೆ ಇದು ಬರುವುದಿಲ್ಲ. ಯಾರಿಗೆ ಬರುತ್ತದೆ ಅಂತ ಮೊದಲೇ ಹೇಳುವ ಪರೀಕ್ಷೆಯೂ ಇಲ್ಲ, ತಡೆಯುವ ಗುಳಿಗೆಯೂ ಇಲ್ಲ. ಯಾರಾದರೂ ಮಾರಲು ಬಂದರೆ ಹಣ ಕೊಡಬೇಡಿ. ದಡಾರ ಬಂದು ಹೋದ ಮಗುವಿಗೂ ಕಾರ್ಡಿನಲ್ಲಿರುವ ಎಂ.ಆರ್. ಹಾಕಿಸಿ, ರುಬೆಲ್ಲಾಕ್ಕಾದರೂ ಬೇಕು.

ವರ್ಷಗಳ ಮೇಲೆ ಏನು ಗಮನಿಸಬೇಕು

ಅಣ್ಣನ ಮಗನ ಕಾಪಿ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಮೂರನೇ ಕ್ಲಾಸು, 2006. ಜೂನ್ ತಿಂಗಳ ಪುಟದಲ್ಲಿ ಅಕ್ಷರಗಳು ಗೆರೆಯ ಮೇಲೆ ಕೂತಿವೆ. ಒತ್ತಕ್ಷರ ಕೂಡ ನೀಟಾಗಿದೆ. ಆಗಸ್ಟ್‌ನಲ್ಲಿ ಗೆರೆ ಬಿಟ್ಟು ಕೆಳಗೆ ಜಾರಿವೆ. ಮೇಷ್ಟ್ರು ಕೆಂಪು ಇಂಕಿನಲ್ಲಿ 'ಗಮನವಿಟ್ಟು ಬರೆ' ಅಂತ ಬರೆದಿದ್ದಾರೆ. ದಸರಾ ರಜೆಯ ಮುಂಚಿನ ಪುಟದಲ್ಲಿ 'ಳ'ದ ಸುರುಳಿ ಮುಗಿಯುವುದೇ ಇಲ್ಲ. ಪೆನ್ಸಿಲ್ ಒಂದು ಕಡೆ ಗಕ್ಕನೆ ಹಾರಿ ಪುಟದ ಅಂಚಿನವರೆಗೆ ಗೆರೆ ಎಳೆದಿದೆ. ಹಾಗೆ ಹಾರಿದ ಗೆರೆಗಳು ಆ ಒಂದು ಪುಟದಲ್ಲಿ ಆರು.

ಶುರುವಾಗುವುದೇ ಹೀಗೆ. ಚೆನ್ನಾಗಿ ಓದುತ್ತಿದ್ದ ಮಗು ಹಿಂದೆ ಬೀಳುತ್ತದೆ. ಮರೆವು, ಸಿಡುಕು, ಕಾರಣವಿಲ್ಲದ ಅಳು. ಬರುತ್ತಿದ್ದ ಮಗ್ಗಿ ಬರುವುದಿಲ್ಲ. ಕೆಲವರಿಗೆ ಮೊದಲು ಕಣ್ಣೇ ಮಂಜಾಗುತ್ತದೆ. ಎಲ್ಲರೂ ಸೋಮಾರಿತನ ಅನ್ನುತ್ತಾರೆ. ಆಮೇಲೆ ಬರುವುದು ಜಟಕೆ, ಅಂದರೆ ಕೈಯೋ ತಲೆಯೋ ಮೈಯೋ ತಾನಾಗಿ ಗಕ್ಕನೆ ಅದುರುವುದು. ಊಟಕ್ಕೆ ಕೂತಾಗ ಅಕ್ಕಿರೊಟ್ಟಿ ಚೂರು ಕೈಯಿಂದ ಬೀಳುತ್ತಿತ್ತು. ಎತ್ತಿಕೊಳ್ಳುತ್ತಿದ್ದ, ಮತ್ತೆ ಬೀಳುತ್ತಿತ್ತು. ತಲೆ ಒಂದು ಕ್ಷಣ ಕೆಳಗೆ ತೂಗಿ ಮೇಲೇಳುತ್ತಿತ್ತು, ಬಸ್ಸಿನಲ್ಲಿ ತೂಕಡಿಸುವವರ ಹಾಗೆ. ಲೋಟ ಬಿದ್ದು ಕಾಫಿ ಚೆಲ್ಲಿದ ದಿನ ಅಣ್ಣ ಅವನಿಗೆ ಹೊಡೆದ. ಆ ಏಟಿನ ಬಗ್ಗೆ ಅಣ್ಣ ಈಗಲೂ ಮಾತಾಡುವುದಿಲ್ಲ.

ಆ ಜಟಕೆಗೆ ಒಂದು ತಾಳ ಇರುತ್ತದೆ. ಕೆಲವು ಸೆಕೆಂಡಿಗೊಮ್ಮೆ, ಹೆಚ್ಚು ಕಡಿಮೆ ಒಂದೇ ಅಂತರದಲ್ಲಿ, ಒಂದೇ ಥರ ಬರುತ್ತದೆ. ಅನುಮಾನ ಬಂದರೆ ಬೈಯಬೇಡಿ, ಮೊಬೈಲಿನಲ್ಲಿ ಎರಡು ನಿಮಿಷ ವಿಡಿಯೋ ಮಾಡಿ. ಊಟ ಮಾಡುವಾಗ ಒಂದು, ಬರೆಯುವಾಗ ಒಂದು. ನಮ್ಮ ಕಾಲದಲ್ಲಿ ಆ ಸೌಕರ್ಯ ಇರಲಿಲ್ಲ. ಡಾಕ್ಟರ ಮುಂದೆ ಕೂತ ಐದು ನಿಮಿಷದಲ್ಲಿ ಏನೂ ಕಾಣದೆ ವಾಪಸ್ ಬಂದದ್ದೂ ಉಂಟು.

ಮೇಷ್ಟ್ರುಗಳೇ, ಟೀಚರ್‌ಗಳೇ, ಹಳೇ ನೋಟ್‌ಬುಕ್ ಎಸೆಯುವ ಮುಂಚೆ ಜೂನ್ ಪುಟ, ಅಕ್ಟೋಬರ್ ಪುಟ ಪಕ್ಕಪಕ್ಕ ಇಟ್ಟು ನೋಡಿ. ಅಕ್ಷರ ಕೆಟ್ಟ ಮಗುವಿಗೆಲ್ಲ ಈ ಕಾಯಿಲೆ ಅಂತಲ್ಲ, ನೂರಕ್ಕೆ ತೊಂಬತ್ತೊಂಬತ್ತು ಸಲ ಬೇರೆ ಕಾರಣ ಇರುತ್ತದೆ. ಆದರೆ ಇದ್ದದ್ದನ್ನು ಕಳೆದುಕೊಳ್ಳುತ್ತಿರುವ ಮಗು ಬೇರೆ, ಕಲಿಯಲು ನಿಧಾನ ಇರುವ ಮಗು ಬೇರೆ.

ಡಾಕ್ಟರ ಹತ್ತಿರ

ಮೊದಲು ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲೋ ನಿಮಗೆ ಹತ್ತಿರದಲ್ಲೋ ಮಕ್ಕಳ ಡಾಕ್ಟರಿಗೆ ತೋರಿಸಿ, ನರರೋಗ ತಜ್ಞರಿಗೆ ಚೀಟಿ ಬರೆಸಿಕೊಳ್ಳಿ. ಒಳಗೆ ಹೋದ ತಕ್ಷಣ ಹೇಳಬೇಕಾದ ಮಾತು ಒಂದೇ: "ಇವನಿಗೆ ಎಂಟು ತಿಂಗಳಲ್ಲಿ ದಡಾರ ಬಂದಿತ್ತು, ಇಲ್ಲಿ ಬರೆದಿದೆ." ಎಷ್ಟು ತಿಂಗಳೋ ಅದನ್ನು ಹೇಳಿ, ಕಾರ್ಡ್ ತೋರಿಸಿ, ವಿಡಿಯೋ ತೋರಿಸಿ. ಅವರು ಇಇಜಿ ಮಾಡಿಸುತ್ತಾರೆ. ತಲೆಗೆ ವೈರು ಅಂಟಿಸುತ್ತಾರೆ, ನೋವಿಲ್ಲ. ಆ ಜಟಕೆಯ ತಾಳ ಕಾಗದದ ಮೇಲೂ ಕಾಣುತ್ತದೆ. ಆಮೇಲೆ ಎಂಆರ್‌ಐ, ಬೆನ್ನಿನಿಂದ ನೀರು ತೆಗೆದು ದಡಾರದ ಪ್ರತಿಕಾಯ ಇದೆಯಾ ಅಂತ ನೋಡುವುದು. 'ಬೆನ್ನಿನ ನೀರು ತೆಗೆದರೆ ಕಾಲು ಹೋಗುತ್ತೆ' ಅಂತ ಅತ್ತಿಗೆಯ ಕಡೆಯವರು ಎರಡು ದಿನ ಒಪ್ಪಲಿಲ್ಲ. ಹೋಗುವುದಿಲ್ಲ. ಆ ಎರಡು ದಿನ ಆಸ್ಪತ್ರೆಯ ಮರದ ಕೆಳಗೆ ಸುಮ್ನೆ ಕಳೆದೆವು.

ಔಷಧಿಗಳು ಇಲ್ಲ ಅಂತಲ್ಲ. ಐಸೊಪ್ರಿನೊಸಿನ್, ಇಂಟರ್‌ಫೆರಾನ್ ಕೆಲವರಲ್ಲಿ ಕಾಯಿಲೆಯ ಓಟವನ್ನು ನಿಧಾನ ಮಾಡುತ್ತವೆ. ಜಟಕೆ ತಗ್ಗಿಸುವ ಗುಳಿಗೆಗಳಿವೆ, ಅವನ್ನು ಹೇಳದೆ ನಿಲ್ಲಿಸಬೇಡಿ. ಬೇಗ ಗೊತ್ತಾದರೆ ಮಗು ಏಟು ತಿನ್ನುವುದು ತಪ್ಪುತ್ತದೆ, ಮಾಟ ಮಂತ್ರ ಅಂತ ಹಣ ಸುರಿಯುವುದು ತಪ್ಪುತ್ತದೆ. ಮನೆಯಲ್ಲಿ ನೋಡಿಕೊಳ್ಳುವಾಗ ಮೂರು ಕೆಲಸ ಕಲಿಯಿರಿ. ತಲೆ ಎತ್ತರಕ್ಕೆ ಇಟ್ಟು ಗಟ್ಟಿ ಗಂಜಿ ಚಮಚದಲ್ಲಿ ಕೊಡುವುದು, ನುಂಗಲು ಆಗದಾಗ ಮೂಗಿನ ನಳಿಕೆಯಲ್ಲಿ ಕೊಡುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವುದು. ಕೊಡಗಿನ ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಒದ್ದೆ ಹಾಸಿಗೆಯಲ್ಲಿ ಬೆನ್ನು ಹುಣ್ಣಾಗುತ್ತದೆ. ನಾವು ಒಲೆಯ ಮೇಲಿನ ಅಟ್ಟದಲ್ಲಿ ಬಟ್ಟೆ ಒಣಗಿಸಿ ಬಳಸುತ್ತಿದ್ದೆವು, ಅವನ ಮೈಯೆಲ್ಲ ಹೊಗೆ ವಾಸನೆ ಬರುತ್ತಿತ್ತು. ಅಂಗವಿಕಲರ ಯುಡಿಐಡಿ ಕಾರ್ಡಿಗೂ ಬೇಗ ಅರ್ಜಿ ಹಾಕಿ.

ಅವನು 2008ರ ಜುಲೈನಲ್ಲಿ ಹೋದ. ಹತ್ತು ವರ್ಷ ಮೂರು ತಿಂಗಳು.

ಅದಾದ ಮೇಲೆ ನನ್ನ ವ್ಯಾಕ್ಸಿನ್ ಕ್ಯಾರಿಯರ್ ಜೊತೆ ಒಂದು ನೂರು ಪುಟದ ನೋಟ್‌ಬುಕ್ಕೂ ಬರತೊಡಗಿತು. ಲೈನ್‌ಮನೆಯಲ್ಲಿ ಯಾವ ಮಗುವಿಗೆ ಗಂದೆ ಎದ್ದರೂ ಹೆಸರು, ತಿಂಗಳು, ವಯಸ್ಸು ಅದರಲ್ಲಿ ಬರೆದು, ತಾಯಿಯ ಕೈಯಲ್ಲಿದ್ದ ಕಾರ್ಡಿನಲ್ಲೂ ಬರೆಯುತ್ತಿದ್ದೆ. ಬಾಲ್‌ಪೆನ್ನಿನಲ್ಲೇ. ಇಂಕ್ ಪೆನ್ನಿನ ಬರಹ ನಮ್ಮ ಮಳೆಗೆ ಎರಡೇ ವರ್ಷದಲ್ಲಿ ಅಳಿಸಿಹೋಗುತ್ತದೆ.